ಕೊಂಡಿ ಎಂಬ ಒಂದು ಅಂಕದ ಉತ್ತರ

"ಸರೀಸೃಪ ಮತ್ತು ಹಕ್ಕಿಗಳ ನಡುವಿನ ಕೊಂಡಿ ಯಾವುದು?" "ಆರ್ಕಿಯಾಪ್ಟೆರಿಕ್ಸ್." ಹೀಗೆ ಬರೆದು ಒಂದು ಅಂಕ ಗಿಟ್ಟಿಸಿದವರಲ್ಲಿ ನಾನೂ ಒಬ್ಬ. ಮೊನ್ನೆ ಮಗಳ ಗೈಡಿನಲ್ಲಿ ಅದೇ ಪ್ರಶ್ನೆ, ಅದೇ ಉತ್ತರ. ಈ ಉತ್ತರವನ್ನು ಇನ್ನಾದರೂ ಕೈಬಿಡಬೇಕು.

ಕೊಂಡಿ ಎಂದರೆ ಎರಡು ಬೇರೆ ವಸ್ತುಗಳಿರಬೇಕು. ಇಲ್ಲಿ ಎರಡಿಲ್ಲ. ಬಾವಲಿ ಹಾರಿದರೂ ಸಸ್ತನಿಯೇ; ಹಾಗೆಯೇ ಹಕ್ಕಿ ಹಾರಿದರೂ ಡೈನೋಸಾರೇ. ಇನ್ನು 'ಸರೀಸೃಪ' ಎಂಬ ಡಬ್ಬಿಯೂ ಸಡಿಲವೇ. ಮೊಸಳೆ ಹಲ್ಲಿಗಿಂತ ಕೋಳಿಗೆ ಹತ್ತಿರದ ದಾಯಾದಿ. ನಾವು ನೆಂಟಸ್ತಿಕೆ ನೋಡದೆ ಮೈಚರ್ಮ ನೋಡಿ ಡಬ್ಬಿಗೆ ತುಂಬಿದೆವು.

ಗೆರೆ ಎಷ್ಟು ತೆಳುವೆಂದು ಕಲ್ಲುಗಳೇ ಹೇಳುತ್ತವೆ. ಜರ್ಮನಿಯ ಐಷ್ಟೆಟ್‌ನ ಆರ್ಕಿಯಾಪ್ಟೆರಿಕ್ಸ್ 1951ರಲ್ಲಿ ಸಿಕ್ಕಾಗ ಅದನ್ನು ಕಾಂಪ್ಸೊಗ್ನೇಥಸ್ ಎಂಬ ಪುಟ್ಟ ಡೈನೋಸಾರ್ ಎಂದುಕೊಂಡರು. ಗರಿಗಳ ಮಸುಕು ಗುರುತು ಕಂಡು ಹೆಸರು ತಿದ್ದಿದ್ದು ಎರಡು ದಶಕಗಳ ನಂತರ. ಗರಿ ಕಾಣದಿದ್ದರೆ ಪರಿಣತರಿಗೂ ಗುರುತು ಸಿಗದಷ್ಟು ಮೂಳೆಗಳು ಒಂದೇ ಥರ.

ಹಾಗಾದರೆ ಗರಿಯೇ ಗೆರೆಯೇ? ಅದೂ ಅಲ್ಲ. 1996ರಲ್ಲಿ ಚೀನಾದ ಲಿಯಾವೊನಿಂಗ್‌ನಿಂದ ಬಂದ ಸೈನೊಸಾರೊಪ್ಟೆರಿಕ್ಸ್‌ಗೆ ಹಾರಾಟ ಗೊತ್ತಿಲ್ಲ, ಮೈಮೇಲೆ ಗರಿಯಂಥ ಎಳೆಗಳಿದ್ದವು. ಕವಲು ಮೂಳೆಯೇ? ಡೈನೋಸಾರ್‌ಗಳಿಗೆ ಕೊರಳೆಲುಬೇ ಇಲ್ಲವೆಂದು 1926ರಲ್ಲಿ ಗೆರ್ಹಾರ್ಡ್ ಹೈಲ್ಮನ್ ವಾದಿಸಿದ. ದಶಕಗಳ ಕಾಲ ಲೋಕ ನಂಬಿತು. ಆಮೇಲೆ ಟಿರನೊಸಾರಸ್‌ನಲ್ಲೂ ಅದು ಸಿಕ್ಕಿತು.

2011ರಲ್ಲಿ ಶು ಶಿಂಗ್ ಮತ್ತು ಸಂಗಡಿಗರು ಆರ್ಕಿಯಾಪ್ಟೆರಿಕ್ಸನ್ನು ಹಕ್ಕಿಗಳ ಕವಲಿನಿಂದ ಆಚೆಗಿಟ್ಟರು. ಎರಡೇ ವರ್ಷದೊಳಗೆ ಬೇರೆ ವಿಶ್ಲೇಷಣೆಗಳು ಒಳಗೆ ತಂದವು. "ನೋಡಿ, ವಿಜ್ಞಾನಿಗಳಿಗೇ ಗೊತ್ತಿಲ್ಲ" ಎಂದು ನಗುವವರಿಗೆ ಒಂದು ಮಾತು: ಅಲ್ಲಿ ಜಗಳ ನಡೆದದ್ದು ಮುತ್ತಜ್ಜನೋ, ಮುತ್ತಜ್ಜನ ತಮ್ಮನೋ ಎಂಬುದಕ್ಕೆ. ಮನೆತನ ಒಂದೇ ಎಂಬುದರಲ್ಲಿ ಎರಡೂ ಕಡೆಯವರಿಗೆ ಅನುಮಾನವಿರಲಿಲ್ಲ.

"ಮಕ್ಕಳಿಗೆ ಸರಳವಾಗಿ ಹೇಳಬೇಡವೇ?" ಹೇಳೋಣ. ಆದರೆ ಸರಳ ಬೇರೆ, ತಪ್ಪು ಬೇರೆ. 'ಕೊಂಡಿ' ಎಂದು ಕಲಿತ ಮಗು, ಜೀವವಿಕಾಸವೆಂದರೆ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ನೆಗೆತ ಎಂದುಕೊಳ್ಳುತ್ತದೆ. ನಾಳೆ ಯಾರಾದರೂ "ಮಿಕ್ಕ ಕೊಂಡಿಗಳೆಲ್ಲಿ?" ಎಂದು ಸವಾಲು ಹಾಕಿದರೆ ಬಾಯಿ ಕಟ್ಟುತ್ತದೆ. ಸುಮಾರು 15 ಕೋಟಿ ವರ್ಷ ಹಳೆಯ ಆ ಜೀವಿಗೆ ಹಲ್ಲು, ಉಗುರುಳ್ಳ ಬೆರಳು, ಉದ್ದ ಮೂಳೆಬಾಲ, ಜೊತೆಗೆ ಹಾರಾಟದ ಗರಿ. ಚಿತ್ರ ತೋರಿಸಿ, "ಯಾವುದನ್ನು ನೋಡಿ ಇದನ್ನು ಹಕ್ಕಿ ಅಂತೀಯ, ಯಾಕೆ?" ಎಂದು ಕೇಳಿ.

ಮಗಳನ್ನು ಹಾಗೇ ಕೇಳಿದೆ. ಅವಳು ಸ್ವಲ್ಪ ಹೊತ್ತು ನೋಡಿ, "ಯಾಕಪ್ಪಾ, ಎರಡೂ ಆಗಿರಬಾರದಾ?" ಎಂದಳು. ಗೈಡಿನ ಪ್ರಕಾರ ಅವಳಿಗೆ ಸೊನ್ನೆ.