ಬಾಗಿಲ ಕಾವಲು, ಮನೆಯ ಗುಟ್ಟು

ಮನೆಯ ದೀಪ, ಬೀಗ, ಬಾಗಿಲ ಕರೆಗಂಟೆ, ಕೈಗಡಿಯಾರ ಮೊದಲಾದುವೆಲ್ಲವೂ ಮೊಬೈಲಿನ ಆ್ಯಪಿನ ಅಪ್ಪಣೆಯಂತೆ ನಡೆಯುವ ಕಾಲವು ಬಂದಿದೆ. ಯಂತ್ರವನ್ನು ಕೊಂಡವನು ಆ್ಯಪನ್ನು ಬಳಸಲೇಬೇಕು. ಆ್ಯಪಾದರೋ ಅವನು ಯಾವ ಗುಂಡಿಯನ್ನು ಯಾವಾಗ ಒತ್ತಿದನೆಂಬುದನ್ನು ಕಂಪನಿಗೆ ತಿಳುಹಬಲ್ಲುದು. ಈ ಲೆಕ್ಕಕ್ಕೆ ಆ ಉದ್ಯಮದವರು ಪ್ರಾಡಕ್ಟ್ ಅನಲಿಟಿಕ್ಸ್ ಎಂದು ಹೆಸರಿಟ್ಟಿದ್ದಾರೆ.

ಲೆಕ್ಕವೇ ಕೂಡದೆಂದು ವಾದಿಸುವವರು ನಾವಲ್ಲ. ಹೊಸ ಯಂತ್ರವನ್ನು ವೈಫೈಗೆ ಜೋಡಿಸುವಾಗ ನೂರು ಮಂದಿಯಲ್ಲಿ ಎಷ್ಟು ಮಂದಿ ಎಡವಿದರು, ಯಾವ ಫರ್ಮ್‌ವೇರ್ ಬಂದಮೇಲೆ ಬ್ಯಾಟರಿಯು ಬೇಗನೆ ಬರಿದಾಗತೊಡಗಿತು ಎಂಬುದನ್ನರಿಯದೆ ದೋಷವನ್ನು ತಿದ್ದುವುದೆಂತು? ದೂರು ಬರೆಯುವವನು ಒಬ್ಬನಾದರೆ ಬೇಸತ್ತು ಸುಮ್ಮನಾಗುವವರು ಹಲವರು. ಅವರ ಕಷ್ಟವು ಅಂಕೆಗಳಲ್ಲಿ ಮಾತ್ರವೇ ಕಾಣುವುದು. ಆದರೆ ಎಷ್ಟು ಮಂದಿ ಎಡವಿದರೆಂದು ತಿಳಿಯಲು ಎಡವಿದವರ ಹೆಸರೇಕೆ ಬೇಕು? ನಮ್ಮ ಪ್ರಶ್ನೆಯು ಇಷ್ಟೇ.

ಇದು ಬರಿಯ ಊಹೆಯ ಭೀತಿಯಲ್ಲ. ಅಮೆರಿಕದಲ್ಲಿ ಅಮೆಜಾನ್ ಒಡೆತನದ ರಿಂಗ್ ಎಂಬ ಕಂಪನಿಯು ಕ್ಯಾಮೆರಾ ಸಹಿತವಾದ ಕರೆಗಂಟೆಗಳನ್ನು ಮಾರುತ್ತದೆ. ಅದರ ಆಂಡ್ರಾಯ್ಡ್ ಆ್ಯಪನ್ನು ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಸಂಸ್ಥೆಯವರು ಪರೀಕ್ಷಿಸಿ, ಬಳಕೆದಾರರ ವಿವರಗಳು ಹೊರಗಿನ ನಾಲ್ಕು ಕಂಪನಿಗಳಿಗೆ ಹೋಗುತ್ತಿವೆಯೆಂದು 2020ರ ಜನವರಿಯಲ್ಲಿ ಪ್ರಕಟಿಸಿದರು. ಅವುಗಳಲ್ಲೊಂದಾದ ಮಿಕ್ಸ್‌ಪ್ಯಾನೆಲ್ ಎಂಬ ಅನಲಿಟಿಕ್ಸ್ ಕಂಪನಿಗೆ ಬಳಕೆದಾರರ ಪೂರ್ಣ ಹೆಸರು, ಈಮೇಲ್ ವಿಳಾಸ, ಎಷ್ಟು ಸ್ಥಳಗಳಲ್ಲಿ ಯಂತ್ರವನ್ನು ಅಳವಡಿಸಿದ್ದಾರೆಂಬ ಸಂಖ್ಯೆ ಇವೆಲ್ಲವೂ ತಲಪುತ್ತಿದ್ದುವು. ಉಳಿದ ಮೂರರ ಹೆಸರು ರಿಂಗ್ ಪ್ರಕಟಿಸಿದ್ದ ಪಟ್ಟಿಯಲ್ಲಿಯೇ ಇರಲಿಲ್ಲ. ಕಳ್ಳರಿಗಂಜಿ ಕಾವಲಿಟ್ಟರೆ ಆ ಕಾವಲೇ ಮನೆಯ ಸುದ್ದಿಯನ್ನು ಹೊರಗೊಯ್ಯುವುದು ಬೇಲಿಯೆದ್ದು ಹೊಲ ಮೇದಂತಲ್ಲವೆ? ಮರುತಿಂಗಳೇ ಕಂಪನಿಯು ಹೊರಗಿನ ಅನಲಿಟಿಕ್ಸ್ ಸೇವೆಗಳಲ್ಲಿ ಹೆಚ್ಚಿನವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಅದರಿಂದ ಕರೆಗಂಟೆಗಳೇನೂ ಮೂಕವಾಗಲಿಲ್ಲ.

ನಮ್ಮ ದೇಶದಲ್ಲಿ ಈ ವಿಷಯದ ಧರ್ಮವು ನಿರ್ಣಯವಾಗಿಯೇ ಇದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಏಕಕಂಠದಿಂದ ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಸಮ್ಮತಿಯು ಮುಕ್ತವಾಗಿರಬೇಕೆಂದೂ, ಅದು ಹೇಳಿದ ಉದ್ದೇಶಕ್ಕೆ ಅವಶ್ಯವಾದಷ್ಟು ದತ್ತಾಂಶಕ್ಕೇ ಸೀಮಿತವೆಂದೂ ವಿಧಿಸಿದೆ. ಸಮ್ಮತಿಯನ್ನು ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಯಲ್ಲಿ ಓದುವ ಅವಕಾಶವನ್ನೂ ಅದು ಕೊಡುತ್ತದೆ. ಕನ್ನಡವೂ ಆ ಭಾಷೆಗಳಲ್ಲೊಂದೆಂಬುದನ್ನು ವಾಚಕರಿಗೆ ನೆನಪಿಸಬೇಕಾಗಿಲ್ಲ, ಉದ್ಯಮಿಗಳಿಗೆ ನೆನಪಿಸಬೇಕಾಗಿದೆ. ಅರ್ಥವಾಗದ ಇಂಗ್ಲಿಷ್ ಪುಟಗಳ ಕೆಳಗೆ ಒತ್ತಿದ ಒಪ್ಪಿಗೆಯು ಒಪ್ಪಿಗೆಯಲ್ಲ.

ಬೆಂಗಳೂರಿನಲ್ಲಿ ವಿದ್ಯುತ್ ಸ್ಕೂಟರು ಮುಂತಾದ ಯಂತ್ರಗಳಿಗೆ ಆ್ಯಪುಗಳನ್ನು ರಚಿಸುವ ತರುಣರು ಅನೇಕರಿದ್ದಾರೆ. ಅವರಲ್ಲಿ ನಮ್ಮ ವಿಜ್ಞಾಪನೆಯಿದು: ಎಣಿಸಿರಿ, ಆದರೆ ಹೆಸರನ್ನಳಿಸಿ ಎಣಿಸಿರಿ. ಕೇಳಿರಿ, ಆದರೆ ಜನರ ನುಡಿಯಲ್ಲಿ ಕೇಳಿರಿ. ಒಲ್ಲೆನೆಂದವನ ಯಂತ್ರವನ್ನು ಕುಂಟುಮಾಡಬೇಡಿರಿ. ಕೆಲಸ ತೀರಿದೊಡನೆ ದಾಖಲೆಯನ್ನು ಅಳಿಸಿರಿ. ಗ್ರಾಹಕನು ಹಣ ತೆತ್ತು ಕೊಂಡುದು ಯಂತ್ರವನ್ನು. ತನ್ನ ಮನೆಯನ್ನು ಅವನು ಯಾರಿಗೂ ಮಾರಲಿಲ್ಲ.