ಜಾದೂ ಜಾತ್ರೆ: ಪರದೆ ಎಳೆದವನ ಹೆಸರೇನು?

ಪೆಟ್ಟಿಗೆಯಲ್ಲಿ ಮಲಗಿದ ಹುಡುಗಿಯನ್ನು ಗರಗಸದಿಂದ ಕೊಯ್ದವನಿಗೆ ಚಪ್ಪಾಳೆ. ಶಾಲು, ಹಾರ, ಫೋಟೋ ಎಲ್ಲ ಅವನಿಗೇ. ಕೊಯ್ಯಿಸಿಕೊಂಡವಳಿಗೆ? ಸರಿಯಾದ ಕ್ಷಣಕ್ಕೆ ಲೈಟು ಆರಿಸಿದವನಿಗೆ? ಪರದೆ ಬಿಟ್ಟವನಿಗೆ? ‘ಸಹಕರಿಸಿದ ಎಲ್ಲರಿಗೂ ಧನ್ಯವಾದ’ ಅಂತ ಮೈಕಿನಲ್ಲಿ ಒಂದೇ ಉಸಿರಿಗೆ ಮುಗಿಸಿಬಿಡ್ತಾರೆ.

ಇದು ನಮ್ಮ ಗಣೇಶೋತ್ಸವದ ಸ್ಟೇಜಿನ ಕಥೆ ಮಾತ್ರ ಅಂದುಕೊಳ್ಳಬೇಡಿ. ಜಗತ್ತಿನ ಜಾದೂಗಾರರೆಲ್ಲ ಒಂದೆಡೆ ಸೇರುವ ಸಮ್ಮೇಳನಗಳಲ್ಲೂ ಇದೇ ಲೆಕ್ಕ.

ಇಂಗ್ಲೆಂಡಿನಲ್ಲಿ ಬ್ಲ್ಯಾಕ್‌ಪೂಲ್ ಅಂತ ಸಮುದ್ರ ದಂಡೆಯ ಊರೊಂದಿದೆ. ಅಲ್ಲಿಯ ವಿಂಟರ್ ಗಾರ್ಡನ್ಸ್ ಎಂಬ ಹಳೇ ಕಟ್ಟಡದಲ್ಲಿ ವರ್ಷಾ ವರ್ಷಾ ಫೆಬ್ರವರಿಯಲ್ಲಿ ಜಾದೂಗಾರರ ಜಾತ್ರೆ ಸೇರುತ್ತೆ. ಬರುವವರು ಸಾವಿರಾರು ಮಂದಿ. ಇನ್ನು ಫಿಸ್ಮ್ ಎಂಬ ಅಂತರರಾಷ್ಟ್ರೀಯ ಒಕ್ಕೂಟ 1948ರಲ್ಲಿ ಹುಟ್ಟಿದ್ದು. ಅದರ ವಿಶ್ವ ಸ್ಪರ್ಧೆ ಮೂರು ವರ್ಷಕ್ಕೊಮ್ಮೆ. 2022ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಆಯ್ತು, 2025ರಲ್ಲಿ ಇಟಲಿಯ ಟುರಿನ್‌ನಲ್ಲಿ.

ಇಂಥ ಸಮ್ಮೇಳನದಲ್ಲಿ ಒಂದು ಕಡೆ ಉಪನ್ಯಾಸ, ಒಂದು ಕಡೆ ಸ್ಪರ್ಧೆ, ರಾತ್ರಿ ದೊಡ್ಡ ಪ್ರದರ್ಶನ. ಜೊತೆಗೆ ಒಂದು ಸಂತೆ. ನಮ್ಮ ವ್ಯಾಪಾರಸ್ಥರು ನೋಡಬೇಕಾದ ಸಂತೆ ಅದು. ಅಂಗಡಿಯವನು ಆಟ ಮಾಡಿ ತೋರಿಸ್ತಾನೆ, ಗಿರಾಕಿ ಬಾಯಿ ಬಿಡ್ತಾನೆ, ದುಡ್ಡು ಕೊಟ್ಟ ಮೇಲಷ್ಟೇ ಒಳಗಿನ ಮರ್ಮ ಕೈಗೆ. ಕೊಟ್ಟ ದುಡ್ಡು ಸಾಮಾನಿಗಲ್ಲ, ಗುಟ್ಟಿಗೆ. ಹೀಗೆ ಬೆಲೆ ಕಟ್ಟಿ ಗುಟ್ಟು ಮಾರುವ ಜನವೇ, ಪರದೆ ಎಳೆಯುವ ಹುಡುಗನಿಗೆ ‘ನೋಡಿದ್ದನ್ನ ಯಾರಿಗೂ ಹೇಳ್ಬೇಡಪ್ಪಾ’ ಅಂತ ಪುಕ್ಕಟೆ ಆಣೆ ಹಾಕಿಸ್ಕೊಳ್ತಾರೆ!

ಅವನು ನೋಡದೆ ಇರೋಕಾದ್ರೂ ಹೇಗೆ ಸಾಧ್ಯ? ಜಾದೂ ಕಟ್ಟೋದು ಎದುರು ಕುಳಿತವರಿಗಾಗಿ. ರಂಗದ ಪಕ್ಕದಲ್ಲಿ ನಿಂತವನಿಗೆ ಎಲ್ಲಾ ಬಟಾಬಯಲು. ಲೈಟು ಒಂದು ಗೇಣು ಅತ್ತಿತ್ತ ಆದ್ರೆ ಕಪ್ಪು ದಾರ ಹೊಳೆದು ಮಾನ ಹೋಗುತ್ತೆ. ಹಾಗಾಗಿ ಲೈಟಿನವನಿಗೆ ಗುಟ್ಟು ಹೇಳಲೇಬೇಕು. ಸ್ಪರ್ಧೆಯ ದಿನವಂತೂ ಕೇಳೋದೇ ಬೇಡ. ಒಬ್ಬೊಬ್ಬನಿಗೆ ಐದರಿಂದ ಹತ್ತು ನಿಮಿಷ. ಒಬ್ಬ ಇಳಿದ ಕೂಡ್ಲೆ ಇಸ್ಪೀಟೆಲೆ, ರಿಬ್ಬನ್ನು, ಕಾಗದದ ಚೂರು, ಚೆಲ್ಲಿದ ನೀರು ಎಲ್ಲ ಗುಡಿಸಿ ಒರೆಸಬೇಕು. ಒಂದು ಎಲೆ ಉಳಿದರೂ ಮುಂದಿನವನು ಜಾರಿ ಬಿದ್ದ. ಅವನ ಹಾಡು ಬೇರೆ, ಬೆಳಕು ಬೇರೆ, ಮೇಜು ಇಡುವ ಜಾಗ ಬೇರೆ. ಎಲ್ಲವೂ ತಾಲೀಮಿಗೆ ಸಿಕ್ಕ ಚೂರುಪಾರು ವೇಳೆಯಲ್ಲೇ ಬಾಯಿಪಾಠ ಆಗಬೇಕು.

ಪೆಟ್ಟಿಗೆಯೊಳಗಿನ ಹೆಣ್ಣುಮಕ್ಕಳ ಪಾಡು ಇನ್ನೊಂದು. ಗರಗಸದ ಆಟವನ್ನು ಮೊದಲು ಸಾರ್ವಜನಿಕರ ಮುಂದೆ ಆಡಿದವನು ಸೆಲ್ಬಿಟ್, 1921ರ ಜನವರಿಯಲ್ಲಿ, ಲಂಡನ್ನಿನ ಫಿನ್ಸ್‌ಬರಿ ಪಾರ್ಕ್ ಎಂಪೈರ್ ಥಿಯೇಟರಿನಲ್ಲಿ. ಪೆಟ್ಟಿಗೆಯೊಳಗೆ ಮಲಗಿದ್ದವಳು ಬೆಟ್ಟಿ ಬಾರ್ಕರ್. ಪ್ರಚಾರಕ್ಕೆಂದು ರಂಗದ ಕೆಲಸಗಾರರು ಕೆಂಪು ನೀರಿನ ಬಕೆಟ್ ತಂದು ಥಿಯೇಟರ್ ಮುಂದಿನ ಚರಂಡಿಗೆ ಸುರಿಯುತ್ತಿದ್ದರು. ಸೆಲ್ಬಿಟ್ಟನ ಹೆಸರು ಉಳಿಯಿತು. ಬಕೆಟ್ ಹೊತ್ತವರನ್ನು ಯಾರು ಕೇಳ್ತಾರೆ?

ಹೆಸರಿನ ಮಾತು ಹಾಗಿರಲಿ, ಪ್ರಾಣದ ಮಾತಿಗೆ ಬರೋಣ. 1956ರ ಏಪ್ರಿಲ್ 9ರಂದು ನಮ್ಮ ದೇಶದ ಪಿ.ಸಿ. ಸರ್ಕಾರ್ ಬಿಬಿಸಿ ಟೆಲಿವಿಷನ್ನಿನಲ್ಲಿ ದೀಪ್ತಿ ಡೇ ಎಂಬ ಹುಡುಗಿಯನ್ನು ಗರಗಸಕ್ಕೆ ಕೊಟ್ಟರು. ಆಮೇಲೆ ಆಕೆಯ ಕೈ ತಿಕ್ಕಿದರು, ಎಬ್ಬಿಸಿದರು. ಆಕೆ ಏಳಲಿಲ್ಲ! ಅಷ್ಟರಲ್ಲಿ ಕಾರ್ಯಕ್ರಮವೇ ಮುಗಿದುಹೋಯ್ತು. ಕೊಲೆಯೇ ಆಯ್ತೆಂದು ನಂಬಿದ ಜನ ಬಿಬಿಸಿಗೆ ಫೋನಿನ ಮೇಲೆ ಫೋನು ಮಾಡಿದರು. ಆಕೆಗೆ ಏನೂ ಆಗಿರಲಿಲ್ಲ ಅನ್ನಿ. ಆದರೆ ಮನೆಯಲ್ಲಿ ಕುಳಿತು ನೋಡಿದವರಿಗೆ ಅದು ಆಟವೋ ಅಪಘಾತವೋ ತಿಳಿಯಲಿಲ್ಲ. ತಿಳಿಯಬಾರದು, ಜಾದೂ ಅಂದ್ರೆ ಅದೇ. ಹಾಗಾದ್ರೆ ನಿಜವಾಗಿಯೂ ಎಡವಟ್ಟಾದ ದಿನ ಅದು ತಿಳಿಯೋದು ಯಾರಿಗೆ ಸ್ವಾಮಿ? ಹಿಂದೆ ನಿಂತವನಿಗೆ ಮಾತ್ರ. ಅದೂ ಅವನಿಗೆ ಗುಟ್ಟು ಗೊತ್ತಿದ್ರೆ.

ಗೊತ್ತಿಲ್ಲದಿದ್ರೆ ಏನಾಗುತ್ತೆ ಅನ್ನೋದಕ್ಕೆ ಚುಂಗ್ ಲಿಂಗ್ ಸೂ ಸಾಕ್ಷಿ. ಚೀನಾದವನ ವೇಷ, ಚೀನಾದವನ ಹೆಸರು. ಅಸಲಿಗೆ ಆತ ವಿಲಿಯಂ ರಾಬಿನ್ಸನ್ ಎಂಬ ಅಮೆರಿಕನ್. ಮೊದಲು ಕೆಲ್ಲರ್, ಹರ್ಮನ್ ಎಂಬ ದೊಡ್ಡ ಜಾದೂಗಾರರ ತೆರೆಮರೆಯಲ್ಲಿ ದುಡಿದವನು! ಹಿಂದೆ ನಿಂತವನಿಗೆ ಎಷ್ಟು ಗೊತ್ತಾಗುತ್ತೆ ಅನ್ನೋದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಕಾರಣಕ್ಕೋ ಏನೋ, ಗುಂಡು ಹಿಡಿಯುವ ಆಟದ ಬಂದೂಕನ್ನು ಬೇರೆಯವರ ಕೈಗೆ ಬಿಡದೆ ತಾನೇ ಬಿಚ್ಚಿ ಜೋಡಿಸುತ್ತಿದ್ದ. ಗುಂಡು ತುಂಬಿದ ನಳಿಗೆ ಸಿಡಿಯದ ಹಾಗೆ, ಕೆಳಗಿನ ಸಣ್ಣ ನಳಿಗೆ ಮಾತ್ರ ಸಿಡಿಯುವ ಹಾಗೆ ಅದರ ಒಳಮರ್ಮ. ವರ್ಷಗಟ್ಟಲೆ ಸವೆದು ಸವೆದು ಎರಡರ ನಡುವೆ ಸಂದಿ ಬಿತ್ತು. ಅಲ್ಲಿ ಮದ್ದು ಸೇರಿಕೊಂಡಿತು. 1918ರ ಮಾರ್ಚ್ 23ರ ರಾತ್ರಿ, ಲಂಡನ್ನಿನ ವುಡ್ ಗ್ರೀನ್ ಎಂಪೈರ್‌ನಲ್ಲಿ ಗುಂಡು ನಿಜವಾಗಿಯೂ ಹಾರಿತು. ರಂಗದ ಮೇಲೆ ಯಾವತ್ತೂ ಇಂಗ್ಲಿಷ್ ಆಡದವನು ಅಂದು ಇಂಗ್ಲಿಷಿನಲ್ಲಿ ಪರದೆ ಇಳಿಸಿ ಅಂದ. ಮರುದಿನ ತೀರಿಕೊಂಡ. ವಿಚಾರಣೆಯಲ್ಲಿ ಆಕಸ್ಮಿಕ ಎಂದು ತೀರ್ಮಾನವಾಯ್ತು. ಆ ಬಂದೂಕನ್ನು ಇನ್ನೊಂದು ಜೊತೆ ಕಣ್ಣು ನೋಡಿದ್ದರೆ ಆಕಸ್ಮಿಕ ಆಗುತ್ತಿತ್ತೇ?

ಇದೆಲ್ಲ ನೂರು ವರ್ಷದ ಹಿಂದಿನ ಮಾತು ಅನ್ನುವವರು 2019ರ ಜೂನ್ 16ನ್ನು ನೆನೆಸಿಕೊಳ್ಳಲಿ. ಮ್ಯಾಂಡ್ರೇಕ್ ಅಂತಲೇ ಹೆಸರಾಗಿದ್ದ ಜಾದೂಗಾರ ಚಂಚಲ್ ಲಾಹಿರಿ ಕೈಕಾಲಿಗೆ ಸರಪಳಿ, ಹಗ್ಗ ಬಿಗಿಸಿಕೊಂಡು ಕೋಲ್ಕತ್ತಾದ ಹೂಗ್ಲಿ ನದಿಗೆ ಇಳಿದರು. ಬಿಡಿಸಿಕೊಂಡು ಮೇಲೆ ಬರಬೇಕಿತ್ತು, ಬರಲಿಲ್ಲ. ಹೆಣ ಸಿಕ್ಕಿದ್ದು ಮರುದಿನ. ದಂಡೆಯಲ್ಲಿ ಜನ ನೋಡುತ್ತಲೇ ಇದ್ದರು. ಇಂಥ ಆಟದಲ್ಲಿ ಎಷ್ಟು ಹೊತ್ತು ಕಾಯಬೇಕು, ಯಾವಾಗ ನೀರಿಗೆ ಹಾರಬೇಕು ಅಂತ ನೋಡುವ ಜನಕ್ಕೆ ಹೇಗೆ ಗೊತ್ತಾಗಬೇಕು? ಅದನ್ನು ಲೆಕ್ಕ ಹಾಕಿ ಕುಳಿತ ಒಬ್ಬ ಆಳು ಬೇಕು. ‘ಸಾಕು, ನಿಲ್ಸಿ’ ಅನ್ನುವ ಅಧಿಕಾರವೂ ಅವನಿಗಿರಬೇಕು.

ಸಮ್ಮೇಳನದಿಂದ ಸಮ್ಮೇಳನಕ್ಕೆ ಹೊಸ ಪೆಟ್ಟಿಗೆ, ಹೊಸ ಯಂತ್ರ ಬರ್ತಾನೇ ಇವೆ. ಬಹುಮಾನಕ್ಕೂ ಕೊರತೆಯಿಲ್ಲ. ಆದರೆ ಪೆಟ್ಟಿಗೆಯೊಳಗೆ ಮುದುಡಿ ಕೂರುವವಳಿಗೂ ಪರದೆ ಹಿಡಿದವನಿಗೂ ಆಟ ನಿಲ್ಲಿಸುವ ಹಕ್ಕು ಯಾರ ಕೈಯಿಂದ ಬರಬೇಕು? ಗುಟ್ಟಿನ ಹೆಸರಿನಲ್ಲಿ ಅವರ ಬಾಯಿ ಕಟ್ಟೋದು ಸುಲಭ, ಕೂಲಿಯಲ್ಲಿ ಚೌಕಾಸಿ ಮಾಡೋದು ಇನ್ನೂ ಸುಲಭ.

ನಮ್ಮ ಕಡೆಯೂ ಜಾತ್ರೆಗೆ, ಶಾಲೆಯ ವಾರ್ಷಿಕೋತ್ಸವಕ್ಕೆ ಜಾದೂ ಕರೆಸುವುದುಂಟು. ಕಮಿಟಿಯವರು ಅಡ್ವಾನ್ಸ್ ಕೊಡುವಾಗ ಹಾರ, ಶಾಲು, ಫಲತಾಂಬೂಲದ ಲೆಕ್ಕ ಬರೆದಿಟ್ಟಿರ್ತಾರೆ. ಅದರ ಕೆಳಗೆ ಇನ್ನೆರಡು ಸಾಲಿಗೆ ಜಾಗ ಇದೆ: ಆಟಕ್ಕೆ ಮುಂಚೆ ಬೆಂಕಿ, ಕತ್ತಿ, ಕರೆಂಟಿನ ವೈರು ನೋಡುವವರು ಯಾರು? ಕರಪತ್ರದಲ್ಲಿ ಜಾದೂಗಾರನ ಹೆಸರಿನ ಕೆಳಗೆ ಬರಬೇಕಾದ ಹೆಸರುಗಳು ಯಾವುವು?