ಸ್ಕೂಟರ್ ಸವಾರರ ವಾಹನ ದಾಖಲೆಗಳ ಕುರಿತು ಮನವಿ ಪತ್ರ

ಸ್ಥಳ: ತೀರ್ಥಹಳ್ಳಿ
ದಿನಾಂಕ: 02-06-2025

ಇವರಿಗೆ,
ಮಾನ್ಯ ಸಾರಿಗೆ ಆಯುಕ್ತರು,
ಸಾರಿಗೆ ಇಲಾಖೆ, ಕರ್ನಾಟಕ ಸರ್ಕಾರ,
ಬೆಂಗಳೂರು

ಇವರಿಂದ,
ತೀರ್ಥಹಳ್ಳಿ ತಾಲ್ಲೂಕಿನ ಸ್ಕೂಟರ್ ಸವಾರರು
(ಸಹಿಗಳ ಹಾಳೆಗಳನ್ನು ಲಗತ್ತಿಸಿದೆ)

ವಿಷಯ: ಅಸಲು ದಾಖಲೆಗಳನ್ನು ಗಾಡಿಯಲ್ಲೇ ಇಟ್ಟುಕೊಳ್ಳುವಂತೆ ಒತ್ತಾಯಿಸದೆ, ನೋಂದಣಿ ಸಂಖ್ಯೆಯ ಆಧಾರದಲ್ಲಿ ತಪಾಸಣೆ ನಡೆಸಲು ಸ್ಪಷ್ಟ ಸುತ್ತೋಲೆ ಹೊರಡಿಸುವಂತೆ ಕೋರಿ.

ಮಾನ್ಯರೇ,

ಆಗುಂಬೆ ನಮ್ಮ ತಾಲ್ಲೂಕಿನಲ್ಲೇ ಇದೆ ಎಂದರೆ ಇಲ್ಲಿಯ ಮಳೆಯ ಬಗ್ಗೆ ಬೇರೆ ವಿವರಣೆ ಬೇಡ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡುವು ಕೊಡುವುದು ಕಡಿಮೆ. ಹಗ್ಗದ ಮೇಲಿನ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ; ಬೀರುವಿನೊಳಗಿನ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ. ಇಂಥ ಊರಿನಲ್ಲಿ ದಿನವೂ ಸ್ಕೂಟರ್ ಹತ್ತಿ ಶಾಲೆಗೆ ಹೋಗುವ ಶಿಕ್ಷಕಿಯರು, ಮನೆಮನೆಗೆ ತಿರುಗುವ ಆಶಾ ಕಾರ್ಯಕರ್ತೆಯರು, ಪಿಗ್ಮಿ ಸಂಗ್ರಹಿಸುವವರು, ಪೇಟೆಯ ಅಂಗಡಿಗಳಲ್ಲಿ ಕೆಲಸಕ್ಕಿರುವವರು, ಅಡಿಕೆ ತೋಟದವರು ಸೇರಿ ಈ ಮನವಿಯನ್ನು ತಮ್ಮ ಮುಂದಿಡುತ್ತಿದ್ದೇವೆ.

ನಮ್ಮ ಪ್ರಶ್ನೆ ಕೇಳಲು ಸಣ್ಣದು. ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಡಿಎಲ್ ಇವಿಷ್ಟನ್ನೂ ಸ್ಕೂಟರ್ ಓಡಿಸುವವರು ಎಲ್ಲಿಟ್ಟುಕೊಳ್ಳಬೇಕು? ಕಾರಿಗೆ ಬಾಗಿಲಿದೆ, ಮೇಲೆ ಸೂರಿದೆ. ಸ್ಕೂಟರಿಗೆ ಇರುವುದು ಸೀಟಿನ ಕೆಳಗಿನ ಡಿಕ್ಕಿ ಒಂದೇ. ಅದರಲ್ಲಿ ಒದ್ದೆ ರೈನ್‌ಕೋಟ್ ಇರುತ್ತದೆ, ಊಟದ ಡಬ್ಬಿ ಇರುತ್ತದೆ, ಸಂತೆಯ ದಿನ ತರಕಾರಿಯೂ ಮೀನೂ ಇರುತ್ತವೆ. ಸೀಟಿನ ಅಂಚಿನ ರಬ್ಬರ್ ಹಳತಾದ ಮೇಲೆ ನೀರು ತಾನಾಗಿ ಒಳಗಿಳಿಯುತ್ತದೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸೀಟಿನ ಕೆಳಗೇ ಇರುವ ಹಳೆಯ ಮಾದರಿಗಳಲ್ಲಂತೂ ಬಂಕಿನಲ್ಲಿ ಸೀಟು ಎತ್ತಿದ ಕೂಡಲೇ ಇರಚಲು ಒಳಗೆ ಬೀಳುತ್ತದೆ. ಬೇಸಿಗೆಯಲ್ಲಿ ಇನ್ನೊಂದು ಕಷ್ಟ: ಡಿಕ್ಕಿಯ ತಳಕ್ಕೆ ಇಂಜಿನ್ನಿನ ಕಾವು ತಾಗಿ ಲ್ಯಾಮಿನೇಷನ್ ಸುರುಟಿಕೊಳ್ಳುತ್ತದೆ. ಎಮಿಷನ್ ಸರ್ಟಿಫಿಕೇಟಿನ ಶಾಯಿಗೆ ಒಮ್ಮೆ ನೀರು ತಾಗಿತೆಂದರೆ ನಂಬರೂ ಕಾಣುವುದಿಲ್ಲ, ತಾರೀಖೂ ಕಾಣುವುದಿಲ್ಲ. ಬಜಾಜ್ ಚೇತಕ್ ಓಡಿಸುತ್ತಿದ್ದ ನಮ್ಮ ಹಿರಿಯರು ಹ್ಯಾಂಡಲ್ ಕೆಳಗಿನ ಪೆಟ್ಟಿಗೆಯಲ್ಲಿ ಆರ್‌ಸಿ ಪುಸ್ತಕವಿಟ್ಟು ಬೀಗ ಹಾಕಿಕೊಳ್ಳುತ್ತಿದ್ದರು. ಈಗಿನ ಹಲವು ಸ್ಕೂಟರ್‌ಗಳಲ್ಲಿ ಆ ಜಾಗದಲ್ಲಿರುವುದು ಮೊಬೈಲ್ ಇಡುವ ತೆರೆದ ಗೂಡು.

ನೀರಿಗಿಂತ ದೊಡ್ಡ ಭಯ ಕಳ್ಳತನದ್ದು. ಗಾಡಿಯೊಂದಿಗೆ ಅಸಲು ಆರ್‌ಸಿಯೂ ಕಳ್ಳನ ಕೈ ಸೇರಿದರೆ, ಅದನ್ನೇ ತೋರಿಸಿ ಗಾಡಿಯನ್ನು ಅಡವಿಡಲೂ ಮಾರಲೂ ಅವನಿಗೆ ದಾರಿಯಾಗುತ್ತದೆ. ಮಾಲೀಕರು ಠಾಣೆಗೆ ದೂರು ಕೊಡಲು, ವಿಮೆ ಕಂಪನಿಗೆ ಕ್ಲೇಮ್ ಹಾಕಲು ಹೋದರೆ ಮೊದಲು ಕೇಳುವುದೂ ಅದೇ ಆರ್‌ಸಿಯನ್ನು. ಆರ್‌ಸಿಯ ಮೇಲೆ ಮನೆಯ ವಿಳಾಸ ಅಚ್ಚಾಗಿರುತ್ತದೆ. ಒಂಟಿಯಾಗಿ ವಾಸಿಸುವ ಹೆಣ್ಣುಮಕ್ಕಳು ನಮ್ಮ ನಡುವೆ ಇದ್ದಾರೆ. ಅವರಿಗೆ ಇದರ ಅರ್ಥವೇನೆಂದು ತಾವು ಬಲ್ಲಿರಿ.

ಸರಿ, ಪರ್ಸಿನಲ್ಲಿಟ್ಟುಕೊಳ್ಳಿ ಎಂದರೆ ಅದಕ್ಕೂ ತೊಡಕಿದೆ. ಮಲೆನಾಡಿನ ಮನೆಗಳಲ್ಲಿ ಒಂದು ಸ್ಕೂಟರನ್ನು ಮೂವರು ಓಡಿಸುತ್ತಾರೆ. ಬೆಳಿಗ್ಗೆ ಅಪ್ಪ ಡೇರಿಗೆ ಹಾಲು ಹಾಕಿ ಬಂದರೆ, ಒಂಬತ್ತಕ್ಕೆ ಮಗಳು ಕಾಲೇಜಿಗೆ, ಸಂಜೆ ಅಮ್ಮ ಸಂಘದ ಸಭೆಗೆ. ಆರ್‌ಸಿ ಯಾರ ಜೇಬಿನಲ್ಲಿ ಉಳಿಯಿತೋ ಅವರ ಹತ್ತಿರ ಗಾಡಿ ಇರುವುದಿಲ್ಲ.

ನಮ್ಮಲ್ಲೊಬ್ಬರಿಗೆ ಕಳೆದ ಮಳೆಗಾಲದಲ್ಲಿ ಆದದ್ದನ್ನು ಹೇಳಲೇಬೇಕು. ಅವರು ಅಂಗನವಾಡಿ ಕಾರ್ಯಕರ್ತೆ. ಒಂದು ತಪಾಸಣೆಯಲ್ಲಿ ಅವರನ್ನು ತಿರುವಿನ ಪಕ್ಕದಲ್ಲಿ, ಸುರಿಯುವ ಮಳೆಯಲ್ಲೇ ನಿಲ್ಲಿಸಲಾಯಿತು. ಡಿಕ್ಕಿಯಿಂದ ತೆಗೆದ ಎಮಿಷನ್ ಸರ್ಟಿಫಿಕೇಟ್ ಮುದ್ದೆಯಾಗಿತ್ತು. ಆರ್‌ಸಿ ಗಂಡನ ಬಳಿ ಇತ್ತು. ಫೋನಿನಲ್ಲಿದ್ದ ಫೋಟೊ ತೋರಿಸಿದರೆ ನಡೆಯುವುದಿಲ್ಲ ಎಂದರು. ಡಿಜಿಲಾಕರ್ ತೆರೆಯಲು ಹೋದರೆ ನೆಟ್‌ವರ್ಕ್ ಇರಲಿಲ್ಲ. ಮಕ್ಕಳಿಗೆ ಒಯ್ಯುತ್ತಿದ್ದ ಸಾಮಾನಿನ ಚೀಲ ಸೀಟಿನ ಮೇಲೆ ನೆನೆಯುತ್ತಿದ್ದಂತೆ ಅವರು ಅರ್ಧ ಗಂಟೆ ನಿಂತರು. ವಿಮೆ ಚಾಲ್ತಿಯಲ್ಲಿತ್ತು, ಹೊಗೆ ತಪಾಸಣೆಯ ಅವಧಿಯೂ ಮುಗಿದಿರಲಿಲ್ಲ, ಡಿಎಲ್ ಕೈಯಲ್ಲೇ ಇತ್ತು. ಗಾಡಿಯ ನಂಬರನ್ನು ಯಂತ್ರದಲ್ಲಿ ಒತ್ತಿ ನೋಡಿದ್ದರೆ ಎಲ್ಲವೂ ಅಲ್ಲೇ ತಿಳಿಯುತ್ತಿತ್ತು. ಯಾರ ಮೇಲೂ ಕ್ರಮ ಕೈಗೊಳ್ಳಿ ಎಂದು ನಾವು ಕೇಳುತ್ತಿಲ್ಲ. ಮಳೆಯಲ್ಲಿ ನಿಂತು ಕೆಲಸ ಮಾಡುವ ಸಿಬ್ಬಂದಿಯ ಕಷ್ಟವೂ ನಮಗೆ ಗೊತ್ತು.

ಕಾನೂನು ನಮ್ಮ ಪರವಾಗಿಯೇ ಇದೆ ಎಂಬುದು ನಮ್ಮ ನಂಬಿಕೆ. 1988ರ ಮೋಟಾರು ವಾಹನಗಳ ಕಾಯ್ದೆಯ 130ನೇ ಕಲಂ ದಾಖಲೆ ತೋರಿಸುವ ಹೊಣೆಯನ್ನು ಚಾಲಕರ ಮೇಲೆ ಹಾಕುತ್ತದೆ. ಅದೇ ಕಲಮಿನ ನಾಲ್ಕನೇ ಉಪಕಲಂ, ಆ ಹೊತ್ತಿಗೆ ಬಳಿಯಲ್ಲಿಲ್ಲದ ವಿಮೆಯಂಥ ಪ್ರಮಾಣಪತ್ರವನ್ನು ನಿಗದಿತ ಅವಧಿಯಲ್ಲಿ ಹಾಜರುಪಡಿಸಿದರೂ ಸಾಕು ಎನ್ನುತ್ತದೆ. ಡಿಜಿಲಾಕರ್ ಮತ್ತು ಎಂಪರಿವಾಹನ್ ಆ್ಯಪ್‌ಗಳಲ್ಲಿರುವ ದಾಖಲೆಗಳನ್ನು ಒಪ್ಪಬೇಕೆಂದು ಕೇಂದ್ರ ಸಾರಿಗೆ ಸಚಿವಾಲಯ 2018ರ ಆಗಸ್ಟ್‌ನಲ್ಲೇ ರಾಜ್ಯಗಳಿಗೆ ಸೂಚಿಸಿದೆ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಕೇಂದ್ರ ಮೋಟಾರು ವಾಹನ ನಿಯಮಗಳ 139ನೇ ನಿಯಮ ಇನ್ನೂ ಸ್ಪಷ್ಟವಾಗಿದೆ: ಅಧಿಕಾರಿ ವಿದ್ಯುನ್ಮಾನ ವಿಧಾನದಲ್ಲಿ ಪರಿಶೀಲಿಸಿ ದಾಖಲೆ ಸರಿಯಿದೆ ಎಂದು ಕಂಡುಕೊಂಡರೆ ಕಾಗದದ ಪ್ರತಿಯನ್ನು ಕೇಳುವಂತಿಲ್ಲ. ನಿಯಮ ಬಂದು ನಾಲ್ಕು ವರ್ಷ ಕಳೆದಿದೆ. ಅದು ರಸ್ತೆಯವರೆಗೆ ಪೂರ್ತಿಯಾಗಿ ತಲುಪಿಲ್ಲ, ಅಷ್ಟೆ.

ಹೀಗಾಗಿ ನಮ್ಮ ಮೊದಲ ಹಾಗೂ ಮುಖ್ಯ ಬೇಡಿಕೆ ಇದು. ಮಾನ್ಯ ಪೊಲೀಸ್ ಮಹಾನಿರ್ದೇಶಕರೊಂದಿಗೆ ಸಮಾಲೋಚಿಸಿ, ಸಾರಿಗೆ ಮತ್ತು ಪೊಲೀಸ್ ಎರಡೂ ಇಲಾಖೆಗಳ ಸಿಬ್ಬಂದಿಗೆ ಅನ್ವಯವಾಗುವಂತೆ ಕನ್ನಡದಲ್ಲಿ ಒಂದು ಪುಟದ ಸುತ್ತೋಲೆ ಹೊರಡಿಸಬೇಕು. ದಾಖಲೆ ಕೇಳುವ ಮೊದಲು ನೋಂದಣಿ ಸಂಖ್ಯೆಯಿಂದ ವಾಹನ್ ದತ್ತಾಂಶವನ್ನೂ, ಡಿಎಲ್ ಸಂಖ್ಯೆಯಿಂದ ಸಾರಥಿ ದತ್ತಾಂಶವನ್ನೂ ನೋಡಬೇಕು. ಸರಿಯಿದ್ದರೆ ಸವಾರರನ್ನು ಬಿಡಬೇಕು. ಇ-ಚಲನ್ ವ್ಯವಸ್ಥೆ ಈ ಎರಡಕ್ಕೂ ಜೋಡಣೆಯಾಗಿರುವುದರಿಂದ ಹೊಸ ಖರ್ಚು ಬೇಕಿಲ್ಲ. ನೆಟ್‌ವರ್ಕ್ ಸಿಗದ ಘಾಟಿ ಮತ್ತು ಕಾಡಿನ ರಸ್ತೆಗಳಲ್ಲಿ ನಂಬರ್ ಬರೆದುಕೊಂಡು, ನಂತರ ಪರಿಶೀಲಿಸಿ, ತಪ್ಪಿದ್ದರೆ ನೋಟಿಸ್ ಕಳುಹಿಸಲಿ. ನೆಟ್‌ವರ್ಕ್ ಇಲ್ಲದ್ದಕ್ಕೆ ಸವಾರರು ದಂಡ ತೆರಬಾರದು.

ಎರಡನೆಯದು ಡಿಜಿಲಾಕರ್‌ಗೆ ಸಂಬಂಧಿಸಿದ್ದು. ಆಧಾರ್‌ನಲ್ಲಿರುವ ಹೆಸರೂ ಆರ್‌ಸಿಯಲ್ಲಿರುವ ಹೆಸರೂ ಹೊಂದದಿದ್ದರೆ ಆರ್‌ಸಿ ಅದರಲ್ಲಿ ಇಳಿಯುವುದೇ ಇಲ್ಲ. ನಮ್ಮ ಕಡೆ ಒಂದು ದಾಖಲೆಯಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಊರಿನ ಹೆಸರು ಸೇರಿಕೊಂಡು ಉದ್ದವಾಗಿರುತ್ತದೆ. ಹಳೆಯ ಪುಸ್ತಕ ರೂಪದ ಆರ್‌ಸಿ ಇರುವವರ ಪಾಡು ಇನ್ನೂ ಕಷ್ಟ; ಕೆಲವರ ವಿವರ ಗಣಕಕ್ಕೇ ಏರಿಲ್ಲ, ಏರಿದ್ದರೂ ಚಾಸಿ ನಂಬರಿನಲ್ಲಿ ಒಂದಂಕಿ ತಪ್ಪಿದೆ. ಇವರೆಲ್ಲ ನೋಂದಣಿ ವಿವರದ ನಕಲಾದ ಬಿ ಎಕ್ಸ್‌ಟ್ರಾಕ್ಟ್ ಹಿಡಿದು, ಒಂದು ದಿನದ ಕೂಲಿ ಬಿಟ್ಟು ಶಿವಮೊಗ್ಗದ ಆರ್‌ಟಿಒ ಕಚೇರಿಗೆ ಹೋಗಬೇಕು. ತಾಲ್ಲೂಕು ಕೇಂದ್ರದಲ್ಲೇ ತಿದ್ದುಪಡಿ ಶಿಬಿರ ನಡೆಸಿ, ಶುಲ್ಕವಿಲ್ಲದೆ ಸರಿಪಡಿಸಿಕೊಡಬೇಕೆಂದು ಬೇಡುತ್ತೇವೆ. ತಪ್ಪು ಬರೆದವರು ಸವಾರರಲ್ಲ.

ಸ್ಮಾರ್ಟ್‌ಫೋನ್ ಇಲ್ಲದವರನ್ನೂ ಮರೆಯಬಾರದು. ಬಟನ್ ಫೋನ್ ಹಿಡಿದ ಹಿರಿಯರಿಗೆ ಆರ್‌ಸಿ ಮತ್ತು ವಿಮೆಯ ಜೆರಾಕ್ಸ್ ಪ್ರತಿಯೇ ಗಾಡಿಯಲ್ಲಿರಲಿ; ಅದರಲ್ಲಿನ ನಂಬರ್ ನೋಡಿ ಅಧಿಕಾರಿ ತಮ್ಮ ಯಂತ್ರದಲ್ಲಿ ತಾಳೆ ನೋಡಲಿ. ಮಳೆ ಸುರಿಯುವಾಗ ತಪಾಸಣೆಯನ್ನು ಬಸ್ ತಂಗುದಾಣದಂತಹ ಸೂರಿನ ಬಳಿ ನಡೆಸಬೇಕು. ಆಗುಂಬೆ ಘಾಟಿಯ ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಿ ಸ್ಕೂಟರ್ ನಿಲ್ಲಿಸಿ ಸೀಟು ಎತ್ತಿಸುವುದು ಜೀವಕ್ಕೆ ಅಪಾಯ.

ದ್ವಿಚಕ್ರ ವಾಹನ ಕೊಳ್ಳುವಾಗ ತಯಾರಕರು ಹೆಲ್ಮೆಟ್ ಕೊಡಬೇಕೆಂದು 138ನೇ ನಿಯಮ ಹೇಳುತ್ತದೆ. ಅದೇ ರೀತಿ ನೀರು ಹೋಗದ ಒಂದು ದಾಖಲೆ ಚೀಲವನ್ನೂ, ಡಿಕ್ಕಿಯೊಳಗೆ ಅದನ್ನು ಸಿಕ್ಕಿಸುವ ಜಾಗವನ್ನೂ ಕೊಡುವಂತೆ ರಾಜ್ಯವು ಕೇಂದ್ರಕ್ಕೆ ಶಿಫಾರಸು ಮಾಡಲಿ.

ನಮ್ಮ ಕಡೆಯಿಂದಲೂ ಮಾತು ಕೊಡುತ್ತೇವೆ. ಡಿಎಲ್ ಅನ್ನು ಓಡಿಸುವವರೇ ಮೈಮೇಲೆ ಇಟ್ಟುಕೊಳ್ಳುತ್ತೇವೆ. ಅಸಲು ಆರ್‌ಸಿ ಮನೆಯಲ್ಲಿರುತ್ತದೆ, ಗಾಡಿಯಲ್ಲಿ ಅದರ ಪ್ರತಿ ಇರುತ್ತದೆ. ವಿಮೆ ಮತ್ತು ಎಮಿಷನ್ ಅವಧಿ ಮುಗಿಯುವ ಮೊದಲೇ ನವೀಕರಿಸುತ್ತೇವೆ. ಅದು ತಪ್ಪಿದವರಿಗೆ ದಂಡ ಹಾಕುವುದನ್ನು ನಾವು ಪ್ರಶ್ನಿಸುವುದಿಲ್ಲ. ಅಪಘಾತವಾದರೆ ಗಾಯಗೊಂಡವರಿಗೆ ಪರಿಹಾರ ಸಿಗುವುದು ಆ ವಿಮೆಯಿಂದಲೇ ಎಂಬ ಅರಿವು ನಮಗಿದೆ.

ಮಳೆ ಈಗಾಗಲೇ ಶುರುವಾಗಿದೆ. ಸುತ್ತೋಲೆಯನ್ನು ಈ ತಿಂಗಳೊಳಗೆ ಹೊರಡಿಸಿ, ಅದರ ಕನ್ನಡ ಪ್ರತಿಯನ್ನು ಪ್ರತಿ ಪೊಲೀಸ್ ಠಾಣೆ, ಆರ್‌ಟಿಒ ಕಚೇರಿ ಮತ್ತು ಎಮಿಷನ್ ತಪಾಸಣಾ ಕೇಂದ್ರದ ಗೋಡೆಯ ಮೇಲೆ ಸಾರ್ವಜನಿಕರಿಗೆ ಕಾಣುವಂತೆ ಅಂಟಿಸಲು ಆದೇಶಿಸಬೇಕೆಂದು ಕಳಕಳಿಯಿಂದ ಪ್ರಾರ್ಥಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ತೀರ್ಥಹಳ್ಳಿ ತಾಲ್ಲೂಕಿನ ಸ್ಕೂಟರ್ ಸವಾರರು